ಹುರುಳಿ ಜಾಸ್ತಿ ಮಾಡುವ ಮೊದಲು ಕುದುರೆಯ ಬಾಯಿ ನೋಡಿ

ಅಣ್ಣಾ, 24 ವರ್ಷದ ಹೆಣ್ಣು ಕುದುರೆಗೆ ಹುರುಳಿ ದುಪ್ಪಟ್ಟು ಮಾಡಿದರೂ ಪಕ್ಕೆಲುಬು ಕಾಣುತ್ತಿದೆ, ಇನ್ನೇನು ಹಾಕಲಿ ಎಂದು ಕೇಳಿದ್ದೀರಿ. ನಿಮ್ಮ ಫೋಟೋದಲ್ಲಿ ಗೋದಲಿ ಕೆಳಗೆ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿವೆ, ಗಮನಿಸಿದ್ರಾ? ಅಗಿಯಲು ಆಗದೆ ಉಗುಳಿದ್ದು ಅದು. ವಯಸ್ಸಾದ ಕುದುರೆಯ ದವಡೆ ಹಲ್ಲು ಸಮನಾಗಿ ಸವೆಯುವುದಿಲ್ಲ. ಅಂಚು ಚೂಪಾಗಿ ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತದೆ. ಕುದುರೆ ನೋಡಿ ಅಭ್ಯಾಸವಿರುವ ಡಾಕ್ಟರನ್ನೇ ಕರೆಸಿ, ಅರದಿಂದ ಉಜ್ಜಿಸಿ. ಅದೇ ದಿನ ಲದ್ದಿಯನ್ನೂ ಜಂತುಹುಳು ಪರೀಕ್ಷೆಗೆ ಕೊಡಿ.

ನಮ್ಮ ಮುದಿ ಕುದುರೆಗೂ ನಾನು ಸುಮ್ನೆ ಕಾಳು ಸುರಿಯುತ್ತಾ ಹೋಗಿದ್ದೆ. ಒಂದು ರಾತ್ರಿ ಹೊಟ್ಟೆನೋವು ಬಂದು ಒದ್ದಾಡಿತು. ಕುದುರೆಗೆ ವಾಂತಿ ಮಾಡಲೂ ಆಗುವುದಿಲ್ಲ, ಪಾಪ. ಬೆಳಗಿನವರೆಗೆ ಡಾಕ್ಟರ್ ಜೊತೆಗಿದ್ದು ಉಳಿಸಿದರು. ಆಮೇಲಿಂದ ನನಗೆ ಮೇವೇ ಮೊದಲು, ಕಾಳು ಆಮೇಲೆ.

400 ಕೆಜಿ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣಮೇವು ಹೊಟ್ಟೆಗೆ ಹೋಗಬೇಕು. ಹಲ್ಲು ಸರಿಯಿಲ್ಲದಾಗ ಭತ್ತದ ಹುಲ್ಲು ಬೇಡ, ಕರುಳಲ್ಲಿ ಗಂಟು ಕಟ್ಟುತ್ತದೆ. ಮೆತ್ತಗಿನ ಒಣಹುಲ್ಲನ್ನು ಕತ್ತರಿಸಿ, ನೀರಲ್ಲಿ ಚೆನ್ನಾಗಿ ನೆನೆಸಿ ಕೊಡಿ. ಜೊತೆಗೆ ಕುದುರೆ ಮೆಂತೆ, ಅಂದರೆ ಲೂಸರ್ನ್ ಸೊಪ್ಪು. ಹುರುಳಿ ಒಂದು ಕೆಜಿ ಸಾಕು, ಮೆತ್ತಗೆ ಬೇಯಿಸಿ ಮೂರು ಹೊತ್ತಿಗೆ ಹಂಚಿ. ಬೂಸಾ ಒಂದೆರಡು ಹಿಡಿಗಿಂತ ಜಾಸ್ತಿ ಬೇಡ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ, ಮೂಳೆಗೆ ಒಳ್ಳೆಯದಲ್ಲ.

ಮೈ ಹಿಡಿಯಲು ಎಣ್ಣೆ ಒಳ್ಳೆಯದು. ದಿನಕ್ಕೆ ಎರಡು ಚಮಚ ಅಡುಗೆ ಎಣ್ಣೆಯಿಂದ ಶುರು ಮಾಡಿ, ಮೂರು ವಾರದಲ್ಲಿ ಒಂದು ಕಪ್‌ಗೆ ಬನ್ನಿ. ಲದ್ದಿ ಸಡಿಲವಾದರೆ ಇಳಿಸಿ. ಯಾವ ಬದಲಾವಣೆಯನ್ನೂ ಹತ್ತು ದಿನಕ್ಕಿಂತ ಬೇಗ ಮಾಡಬೇಡಿ.

ನಿಮ್ಮ ಪ್ರಶ್ನೆಗೆ ಯಾರೋ ಹಸುವಿನ ಫೀಡ್ ಹಾಕಿ ಎಂದು ಉತ್ತರ ಕೊಟ್ಟಿದ್ದಾರೆ. ದಯವಿಟ್ಟು ಬೇಡ! ದನದ, ಕೋಳಿಯ ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸುವಿಗೆ ಏನೂ ಆಗದಷ್ಟು ಪ್ರಮಾಣವೇ ಕುದುರೆಯ ಹೃದಯ ನಿಲ್ಲಿಸಬಹುದು.

ತೂಕಕ್ಕೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. 170 ಮತ್ತು 155 ಇದ್ದರೆ ಸುಮಾರು 377 ಕೆಜಿ. ಇವತ್ತೇ ಅಳೆದು ಇಲ್ಲಿ ಹಾಕಿ ಅಣ್ಣಾ, ಹದಿನೈದು ದಿನ ಬಿಟ್ಟು ಮತ್ತೆ ನೋಡೋಣ.