ಅಡುಗೆಮನೆ ಪ್ರಶ್ನೋತ್ತರ: ಹಬ್ಬದೂಟಕ್ಕೆ ಕುಂಬಳ, ಸಕ್ಕರೆ ಮಾತ್ರ ಬೇಡ

ಪ್ರಶ್ನೆ: ಅಕ್ಕ, ನಮಸ್ಕಾರ. ನಾವಿರೋದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ನಮ್ಮ ಯಜಮಾನರ ಆಫೀಸಿನವರೊಬ್ಬರು ಥ್ಯಾಂಕ್ಸ್‌ಗಿವಿಂಗ್ ಅನ್ನೋ ಇಲ್ಲಿನ ಹಬ್ಬದ ಊಟಕ್ಕೆ ಮನೆಗೆ ಕರೆದಿದ್ದಾರೆ. ಹತ್ತು ಜನ ಸೇರುತ್ತೇವೆ, ಒಬ್ಬೊಬ್ಬರು ಒಂದೊಂದು ಮಾಡಿಕೊಂಡು ಹೋಗಬೇಕು. ನನ್ನ ಪಾಲಿಗೆ ಬಂದಿರೋದು ಬಟರ್‌ನಟ್ ಸ್ಕ್ವಾಷ್. ಎಲ್ಲಿ ನೋಡಿದರೂ ಬ್ರೌನ್ ಶುಗರ್, ಮೇಪಲ್ ಸಿರಪ್, ಬೆಣ್ಣೆ ಸುರಿಯೋ ವಿಧಾನಗಳೇ. ನಮಗೆ ಅಷ್ಟು ಸಿಹಿ ಹಿಡಿಸಲ್ಲ, ಆದರೆ ಅವರ ಬಾಯಿಗೂ ರುಚಿಸಬೇಕು. ನಾವು ಸಸ್ಯಾಹಾರಿಗಳು. ಏನು ಮಾಡಲಿ?

ಉತ್ತರ: ನಿಮಗೆ ಒಳ್ಳೆಯ ತರಕಾರಿನೇ ಸಿಕ್ಕಿದೆ. ಬಟರ್‌ನಟ್ ನಮಗೆ ಹೊಸದೇನೂ ಅಲ್ಲ, ನಮ್ಮೂರಿನ ಎಷ್ಟೋ ಸಿಹಿಗುಂಬಳದ ತಳಿಗಳು ಮತ್ತು ಅದು ಒಂದೇ ಜಾತಿಗೆ ಸೇರಿದವು. ಈ ಕುಂಬಳ ಹುಟ್ಟಿದ್ದೇ ಅಮೆರಿಕ ಖಂಡದಲ್ಲಿ. ಅಲ್ಲಿನ ಮೂಲನಿವಾಸಿಗಳು ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದರು. ಕೊಲಂಬಸ್ ಹೋಗಿಬಂದ ಮೇಲೆ ಅದು ಸಮುದ್ರ ದಾಟಿ ನಮ್ಮ ಹಿತ್ತಲಿಗೂ ಬಂತು. ನೀವು ಅದಕ್ಕೆ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ ಅವರ ಟೇಬಲ್ ಮೇಲಿಟ್ಟರೆ ಚೆನ್ನಾಗಿಯೇ ಹೊಂದುತ್ತೆ.

ನನ್ನ ಮಾತು ಒಂದೇ: ಸಿಹಿ ಇರೋದಕ್ಕೆ ಮತ್ತೆ ಸಿಹಿ ಹಾಕಬೇಡಿ. ಸಕ್ಕರೆ ಬಿದ್ದ ಕೂಡಲೇ ಕುಂಬಳದ ಸ್ವಂತ ರುಚಿ ಮುಚ್ಚಿಹೋಗುತ್ತೆ. ಅದಕ್ಕೆ ಬೇಕಾಗಿರೋದು ಹುಳಿ, ಖಾರ, ಸಾಸಿವೆಯ ಘಾಟು, ಜೊತೆಗೆ ಜೋರು ಬಿಸಿ. ಹಸಿ ಬಟರ್‌ನಟ್ 100 ಗ್ರಾಮಿನಲ್ಲಿ ಸುಮಾರು 45 ಕ್ಯಾಲೊರಿ, 12 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ, ಸಿಹಿಗೆಣಸಿಗೆ ಹೋಲಿಸಿದರೆ ಹೆಚ್ಚುಕಮ್ಮಿ ಅರ್ಧ. ಇಷ್ಟು ಹಗುರಾದ ತರಕಾರಿಯನ್ನು ಬೆಣ್ಣೆ, ಸಿರಪ್ ಸುರಿದು ಭಾರ ಮಾಡೋದು ಯಾಕೆ ಅಲ್ವಾ? ಹಾಗಂತ ಎಣ್ಣೆಯನ್ನು ಪೂರ್ತಿ ಬಿಡಲೂಬೇಡಿ. ಆ ಕೇಸರಿ ಬಣ್ಣ ಕೊಡೋ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಜಿಡ್ಡು ಇರಬೇಕು.

ಹತ್ತು ಜನಕ್ಕೆ ಎರಡೂವರೆ ಪೌಂಡ್ ತೂಗುವ ಎರಡು ಕಾಯಿ ಸಾಕು. ಕತ್ತು ಉದ್ದ, ದಪ್ಪ ಇರೋದನ್ನು ಆರಿಸಿ, ಬೀಜವೆಲ್ಲ ಕೆಳಗಿನ ಉಬ್ಬಿನಲ್ಲೇ ಇರೋದರಿಂದ ಕತ್ತಿನ ಭಾಗ ಪೂರ್ತಿ ತಿರುಳು. ಸಿಪ್ಪೆ ಗಟ್ಟಿ ಅನ್ನಿಸಿದರೆ ಅಲ್ಲಲ್ಲಿ ಫೋರ್ಕಿನಿಂದ ಚುಚ್ಚಿ ಎರಡು ಮೂರು ನಿಮಿಷ ಮೈಕ್ರೋವೇವ್‌ನಲ್ಲಿಡಿ, ಚಾಕು ಸಲೀಸಾಗಿ ಇಳಿಯುತ್ತೆ. ಎರಡೂ ತುದಿ ತೆಗೆದು, ಕತ್ತನ್ನೂ ಉಬ್ಬನ್ನೂ ಬೇರೆ ಮಾಡಿ, ಚಪ್ಪಟೆ ಬದಿ ಕೆಳಗಿಟ್ಟುಕೊಂಡು ಹೆಚ್ಚಿ, ಆಗ ಕಾಯಿ ಜಾರಲ್ಲ. ಹಸಿ ಬಟರ್‌ನಟ್ ಸಿಪ್ಪೆ ತೆಗೆಯುವಾಗ ಒಂದು ಅಂಟು ಬರುತ್ತೆ, ಕೆಲವರಿಗೆ ಅದು ಅಂಗೈಗೆ ಹಿಡಿದು ಚರ್ಮ ಬಿಗಿದ ಹಾಗಾಗಿ ಆಮೇಲೆ ಸುಲಿಯುತ್ತೆ. ಹಲಸಿನಹಣ್ಣು ಬಿಡಿಸುವಾಗ ಮಾಡ್ತೀವಲ್ಲ, ಹಾಗೆ ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲಾ ಗ್ಲೌಸ್ ಹಾಕಿಕೊಳ್ಳಿ.

ಹೋಳು ಒಂದು ಇಂಚಿನಷ್ಟಿರಲಿ. ಎರಡು ಟ್ರೇಗೆ ಹಂಚಿ, ಒಂದೊಂದಕ್ಕೆ ಎರಡು ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಚಿಕ್ಕ ಚಮಚ ಉಪ್ಪು, ಚಿಟಿಕೆ ಅರಿಶಿನ ಹಾಕಿ ಕಲಸಿ. ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಇದನ್ನು ದಯವಿಟ್ಟು ಅವಸರದಲ್ಲಿ ಬಿಡಬೇಡಿ, ಯಾಕಂದರೆ ಟ್ರೇಯಲ್ಲಿ ಜಾಗವಿಲ್ಲದೆ ಒತ್ತಿಟ್ಟ ಹೋಳು ತನ್ನದೇ ನೀರಿನ ಹಬೆಯಲ್ಲಿ ಬೆಂದು ಮೆತ್ತಗಾಗುತ್ತೆ, ಅಂಚು ಕೆಂಪಗಾಗೋದೇ ಇಲ್ಲ, ಮತ್ತೆ ಆ ಕೆಂಪು ಅಂಚಿನಲ್ಲೇ ಇದರ ಅರ್ಧ ರುಚಿ ಇರೋದು. 425 ಡಿಗ್ರಿ ಫ್ಯಾರನ್‌ಹೀಟ್‌ಗೆ ಮೊದಲೇ ಕಾಯಿಸಿದ ಅವನ್‌ನಲ್ಲಿ 30ರಿಂದ 35 ನಿಮಿಷ. ಮಧ್ಯೆ ಒಂದೇ ಒಂದು ಸಲ ತಿರುವಿ ಹಾಕಿ, ಪದೇ ಪದೇ ಕೆದಕಬೇಡಿ. ಚಾಕು ತುದಿ ಸುಲಭವಾಗಿ ಒಳಗೆ ಹೋಗಬೇಕು, ಎತ್ತಿದರೆ ಹೋಳು ಮುರಿಯಬಾರದು.

ಒಗ್ಗರಣೆಗೆ ಎರಡು ದೊಡ್ಡ ಚಮಚ ಎಣ್ಣೆ ಸಾಕು. ಎರಡು ಚಿಕ್ಕ ಚಮಚ ಸಾಸಿವೆ ಚಟಪಟ ಅಂದ ಮೇಲೆ ಅಷ್ಟೇ ಉದ್ದಿನಬೇಳೆ, ಅದು ಹೊಂಬಣ್ಣಕ್ಕೆ ತಿರುಗಿದಾಗ ಮುರಿದ ಬ್ಯಾಡಗಿ ಮೆಣಸಿನಕಾಯಿ ನಾಲ್ಕು, ಕೈತುಂಬ ಕರಿಬೇವು. ಕೊನೆಗೆ ಅರ್ಧ ಬಟ್ಟಲು ಕಾಯಿತುರಿ ಹಾಕಿ, ಪರಿಮಳ ಬರೋ ತನಕ ಬಾಡಿಸಿ ಇಳಿಸಿ. ಬ್ಯಾಡಗಿ ಬಣ್ಣ ಜಾಸ್ತಿ ಕೊಡುತ್ತೆ, ಖಾರ ಕಮ್ಮಿ, ಹಾಗಾಗಿ ಅಲ್ಲಿನವರಿಗೂ ಆಗುತ್ತೆ. ಕಾಯಿತುರಿ ಕೊಳ್ಳುವಾಗ ಪ್ಯಾಕೆಟ್ ಮೇಲಿನ ಬರಹ ಓದಿ. ಅಲ್ಲಿ ಬೇಕಿಂಗ್ ಸಾಮಾನಿನ ಸಾಲಿನಲ್ಲಿರೋದು ಸಾಮಾನ್ಯವಾಗಿ ಸಕ್ಕರೆ ಬೆರೆಸಿದ್ದು. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುವ ತುರಿ ಒಳ್ಳೆಯದು. ಬಡಿಸುವ ಹೊತ್ತಿಗೆ ಒಂದೂವರೆ ನಿಂಬೆಹಣ್ಣಿನ ರಸ, ಕೊತ್ತಂಬರಿ ಸೊಪ್ಪು. ಅಲ್ಲಿಯ ಹಬ್ಬದ ಕಳೆ ಬೇಕು ಅಂದರೆ ಒಂದು ಹಿಡಿ ಹುರಿದ ಪೀಕನ್ (ಅಕ್ರೋಟಿನ ಹಾಗಿರೋ ಬೀಜ) ಮೇಲೆ ಉದುರಿಸಿ, ಆದರೆ ಯಾರಿಗಾದರೂ ನಟ್ಸ್ ಅಲರ್ಜಿ ಇದೆಯಾ ಅಂತ ಆ ಮನೆಯವರನ್ನು ಮೊದಲೇ ಕೇಳಿ. ಇಂಗಿನ ವಿಷಯವೂ ಹಾಗೇ. ಡಬ್ಬಿಯಲ್ಲಿ ಬರುವ ಪುಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುತ್ತೆ, ಗ್ಲುಟೆನ್ ಆಗದವರು ಪಂಕ್ತಿಯಲ್ಲಿದ್ದರೆ ಇಂಗು ಬಿಟ್ಟುಬಿಡಿ. ತುಪ್ಪದ ಬದಲು ಎಣ್ಣೆ ಹೇಳಿದ್ದು ಕೂಡ ಅದಕ್ಕೇ, ಹಾಲಿನ ಪದಾರ್ಥ ತಿನ್ನದವರೂ ಧೈರ್ಯವಾಗಿ ಹಾಕಿಸಿಕೊಳ್ಳಬಹುದು.

ಇನ್ನು ಹೊತ್ತೊಯ್ಯುವ ವಿಚಾರ. ಹೋಳನ್ನು ಮನೆಯಲ್ಲೇ ಸುಟ್ಟುಕೊಂಡು, ಒಗ್ಗರಣೆ ಬೇರೆ ಡಬ್ಬಿಯಲ್ಲಿ ಹಾಕಿಕೊಳ್ಳಿ. ಅವರ ಮನೆಯ ಅವನ್ ಬೆಳಗಿನಿಂದ ಟರ್ಕಿಗೇ (ಹಬ್ಬಕ್ಕೆ ಇಡಿಯಾಗಿ ಬೇಯಿಸುವ ದೊಡ್ಡ ಕೋಳಿಯಂಥ ಹಕ್ಕಿ) ಮೀಸಲಾಗಿರುತ್ತೆ. ಆದರೆ ಟರ್ಕಿ ಹೊರಗೆ ತೆಗೆದ ಮೇಲೆ, ಕೊಯ್ಯುವ ಮೊದಲು ಅರ್ಧ ಗಂಟೆಯಷ್ಟು ಅದನ್ನು ಹಾಗೇ ಬಿಡುತ್ತಾರೆ. ನಿಮಗೆ ಅವನ್ ಸಿಗೋದು ಆಗಲೇ! 425ಕ್ಕೆ ಏರಿಸಿ ಹೋಳುಗಳನ್ನು ಎಂಟು ಹತ್ತು ನಿಮಿಷ ಒಳಗಿಟ್ಟರೆ ಅಂಚು ಮತ್ತೆ ಗರಿಯಾಗುತ್ತೆ, ಆಮೇಲೆ ಒಗ್ಗರಣೆ, ನಿಂಬೆರಸ ಕಲಸಿ. ದಾರಿ ದೂರವಿದ್ದರೆ ಬೆಂದ ಹೋಳನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೇ ಒಯ್ಯಿರಿ, ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಕರಿಬೇವು, ಮೆಣಸಿನಕಾಯಿಯನ್ನು ತಿನ್ನಲೇಬೇಕಂತಿಲ್ಲ, ಬದಿಗಿಡಬಹುದು ಅಂತ ಬಡಿಸುವಾಗ ಒಂದು ಮಾತು ಹೇಳಿ, ಮೊದಲ ಸಲ ನೋಡುವವರಿಗೆ ಗೊತ್ತಿರಲ್ಲ.

ನೀವು ಸಸ್ಯಾಹಾರಿ ಅಂದಿದ್ದೀರಿ, ಅದಕ್ಕೇ ಇನ್ನೊಂದು ಮಾತು. ಆ ಊಟದಲ್ಲಿ ತರಕಾರಿ ಹಾಗೆ ಕಂಡದ್ದೆಲ್ಲ ನಿಮಗೆ ಆಗಲ್ಲ. ಸಿಹಿಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋ ಅನ್ನೋ ಮೆತ್ತನೆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತೆ, ಬ್ರೆಡ್ ಚೂರಿನ ಸ್ಟಫಿಂಗ್ ಅನ್ನು ಬಹಳ ಮನೆಗಳಲ್ಲಿ ಟರ್ಕಿ ಅಥವಾ ಕೋಳಿಯ ಸಾರಿನಲ್ಲೇ ನೆನೆಸಿರುತ್ತಾರೆ. ಹಾಗಾಗಿ ನಿಮ್ಮ ಪಾತ್ರೆಗೇ ಎರಡು ಬಟ್ಟಲು ಬೇಯಿಸಿದ ಕಾಬೂಲಿ ಕಡಲೆ ಸೇರಿಸಿಬಿಡಿ. ಉಳಿದವರಿಗೆ ಅದು ನೆಂಚಿಕೊಳ್ಳೋಕೆ ಆಗುತ್ತೆ, ನಿಮಗೆ ಹೊಟ್ಟೆ ತುಂಬುತ್ತೆ.

ಪ್ರಶ್ನೆ: ಮೇಡಂ, ದೀಪಾವಳಿಗೆ ಸಿಹಿಗುಂಬಳದ ಪಲ್ಯ ಮಾಡಿದೆ, ಬಡಿಸುವಷ್ಟರಲ್ಲಿ ಹೋಳೆಲ್ಲ ಕರಗಿ ಗೊಜ್ಜಿನ ಹಾಗಾಗಿತ್ತು. ನಮ್ಮತ್ತೆ ಮಾಡಿದರೆ ಹೋಳು ಹೋಳಾಗಿಯೇ ಇರುತ್ತೆ. ಸಂಕ್ರಾಂತಿಗೆ ನೆಂಟರು ಬರುತ್ತಾರೆ, ಅಷ್ಟರಲ್ಲಿ ಕಲೀಬೇಕು. (ಮೈಸೂರಿನಿಂದ)

ಉತ್ತರ: ಸಿಪ್ಪೆ ತೆಗೆದಿರಾ? ನೀರು ಹಾಕಿ ಮುಚ್ಚಿಟ್ಟಿರಾ? ಹಾಗಿದ್ದರೆ ಕಾರಣ ಅಲ್ಲೇ ಇದೆ. ಸಿಹಿಗುಂಬಳದ ತೂಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೇ, ಅದಕ್ಕೆ ನಾವು ಮತ್ತೆ ನೀರು ಹಾಕಬೇಕಾಗಿಲ್ಲ. ಸಿಪ್ಪೆ ಇಟ್ಟುಕೊಂಡೇ ಹೆಚ್ಚಿ, ಅದು ಹೋಳನ್ನು ಹಿಡಿದಿಟ್ಟುಕೊಳ್ಳುತ್ತೆ, ಬೆಂದ ಮೇಲೆ ತಿನ್ನೋಕೂ ಮೃದು. ಬೀಜದ ಹತ್ತಿರದ ನಾರುನಾರಾದ ತಿರುಳನ್ನು ಪೂರ್ತಿ ಕೆರೆದು ತೆಗೆಯಿರಿ. ಹೋಳು ಸ್ವಲ್ಪ ದೊಡ್ಡದೇ ಇರಲಿ. ಅಗಲ ಬಾಯಿಯ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಮಾಡಿ, ಹೋಳು ಹಾಕಿ, ಐದು ನಿಮಿಷ ಮುಚ್ಚಿ. ಆಮೇಲೆ ಮುಚ್ಚಳ ತೆಗೆದು ಉರಿ ಸ್ವಲ್ಪ ಜೋರು ಮಾಡಿ. ಉಪ್ಪು ಆಗ ಹಾಕಿ, ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತೆ. ಸೌಟಿನಿಂದ ಕಲಕಬೇಡಿ, ಬಾಣಲೆಯ ಕಿವಿ ಹಿಡಿದು ಕುಲುಕಿ.

ಬೆಲ್ಲ ಹಾಕೋದು ನಮ್ಮ ಕಡೆ ರೂಢಿ, ಗೊತ್ತು. ಈ ಸಲ ಬಿಟ್ಟು ನೋಡಿ. ಬೆಲ್ಲದ ಬದಲು ಅರ್ಧ ಬಟ್ಟಲು ಕಾಯಿತುರಿ, ಒಂದು ಚಿಕ್ಕ ಚಮಚ ಹಸಿ ಸಾಸಿವೆ, ಎರಡು ಒಣಮೆಣಸಿನಕಾಯಿ, ಚೂರು ಹುಣಸೆಹಣ್ಣು ತರಿತರಿಯಾಗಿ ರುಬ್ಬಿ ಇಳಿಸುವ ಮೊದಲು ಸೇರಿಸಿ. ಸಾಸಿವೆಯ ಘಾಟಿಗೆ ಕುಂಬಳದ ಸಿಹಿ ತಾನಾಗೇ ಎದ್ದು ನಿಲ್ಲುತ್ತೆ. ಸಂಕ್ರಾಂತಿ ಅಂದರೆ ಅವರೆಕಾಯಿ ಕಾಲ. ಒಂದು ಬಟ್ಟಲು ಅವರೆಕಾಳನ್ನು ಬೇರೆಯಾಗಿ ಬೇಯಿಸಿ, ನೀರು ಬಸಿದು, ಕೊನೆಯಲ್ಲಿ ಬೆರೆಸಿ. ಖಾರದ ಹುಗ್ಗಿ ಜೊತೆಗೆ ತುಂಬ ಚೆನ್ನಾಗಿ ಹೊಂದುತ್ತೆ.

ಪ್ರಶ್ನೆ: ನಮ್ಮ ಅಪ್ಪನಿಗೆ ಶುಗರ್ ಇದೆ. ಕುಂಬಳಕಾಯಿ ಸಿಹಿ ಅಂತ ಹಬ್ಬದ ದಿನವೂ ಮುಟ್ಟಲ್ಲ, ನೋಡಿದರೆ ಬೇಜಾರಾಗುತ್ತೆ. ನಿಜವಾಗಲೂ ತಿನ್ನಬಾರದಾ ಅಕ್ಕ? (ಧಾರವಾಡದಿಂದ)

ಉತ್ತರ: ಬಾಯಿಗೆ ಸಿಹಿ ಅನ್ನಿಸಿದ್ದೆಲ್ಲ ಅಪಾಯ, ಸಪ್ಪೆ ಇದ್ದದ್ದೆಲ್ಲ ಸುರಕ್ಷಿತ ಅನ್ನೋದು ಸರಿಯಲ್ಲ. ತಳಿ ನೋಡಿಕೊಂಡು ಕುಂಬಳದ 100 ಗ್ರಾಮಿಗೆ ಆರರಿಂದ ಹನ್ನೆರಡು ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ. ಅಂದರೆ ಒಂದು ಸಣ್ಣ ಬಟ್ಟಲು ಪಲ್ಯ ಹಾಕಿಸಿಕೊಂಡು, ಆ ಲೆಕ್ಕಕ್ಕೆ ಅನ್ನವನ್ನೋ ಹೋಳಿಗೆಯನ್ನೋ ಕಡಿಮೆ ಮಾಡಿದರೆ ಆಯ್ತು. ಹೋಳಿಗೆಯೂ ಇರಲಿ, ಅನ್ನವೂ ಇರಲಿ, ಮೇಲೆ ಪಲ್ಯವೂ ಇರಲಿ ಅಂದರೆ ಲೆಕ್ಕ ತಪ್ಪುತ್ತೆ. ಅಪ್ಪನಿಗೆ ಎಷ್ಟು ಸರಿ ಅನ್ನೋದನ್ನು ಅವರ ಡಾಕ್ಟರನ್ನೇ ಕೇಳಿ. ಕಿಡ್ನಿ ತೊಂದರೆಯೂ ಇದ್ದರೆ ಕೇಳಲೇಬೇಕು, ಯಾಕಂದರೆ ಕುಂಬಳದಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ.

ನಿಮ್ಮ ಕಡೆ ಗುರೆಳ್ಳು ಪುಡಿ ಮನೆಯಲ್ಲೇ ಇರುತ್ತಲ್ಲ, ಅದಕ್ಕೇ ಒಂದು ದಾರಿ ಹೇಳುತ್ತೇನೆ. ಕುಂಬಳವನ್ನು ಅರ್ಧ ಇಂಚು ದಪ್ಪದ ಬಿಲ್ಲೆ ಮಾಡಿ, ಎಣ್ಣೆ ಸವರಿದ ಹೆಂಚಿನ ಮೇಲೆ ಎರಡೂ ಬದಿ ಕೆಂಪಗೆ ಬೇಯಿಸಿ. ಒಂದು ಬದಿ ಆರೇಳು ನಿಮಿಷ ಹಿಡಿಯುತ್ತೆ, ಉರಿ ಸಣ್ಣಗಿರಲಿ. ಮೇಲೆ ಎರಡು ಚಮಚ ಗುರೆಳ್ಳು ಪುಡಿ, ಒಂದು ಚಮಚ ಗಟ್ಟಿ ಹುಣಸೆರಸ. ಅಷ್ಟೇ! ರೊಟ್ಟಿ ಜೊತೆ ಕೊಡಿ, ಅಪ್ಪ ಬೇಡ ಅನ್ನಲ್ಲ.

ಪ್ರಶ್ನೆ: ಒಂದು ಸಲ ಕುಂಬಳಕಾಯಿ ಹೆಚ್ಚಿ ಬಾಯಿಗಿಟ್ಟರೆ ಕಹಿ ಇತ್ತು. ಬೆಲ್ಲ, ಹುಣಸೆ ಹಾಕಿದರೆ ಸರಿಹೋಗುತ್ತಾ? ಬೀಜ ಏನು ಮಾಡೋದು?

ಉತ್ತರ: ಸರಿಹೋಗಲ್ಲ, ಹಾಕಲೂಬೇಡಿ. ಕುಂಬಳ, ಸೋರೆ, ಸೌತೆ ಜಾತಿಯ ಕಾಯಿಗಳಲ್ಲಿ ಅಪರೂಪಕ್ಕೆ ಕುಕುರ್ಬಿಟಾಸಿನ್ ಅನ್ನೋ ವಿಷ ಜಾಸ್ತಿಯಾಗಿ ಕಹಿ ಬರುತ್ತೆ. ಬೇಯಿಸಿದರೆ ಅದು ಹೋಗಲ್ಲ. ವಾಂತಿ, ಭೇದಿ ಜೋರಾಗಿ ಆಗುತ್ತೆ, ಕೆಲವರು ಆಸ್ಪತ್ರೆ ಸೇರಬೇಕಾಗುತ್ತೆ. ಹೆಚ್ಚಿದ ಮೇಲೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿ ಇದ್ದರೆ ಉಗಿದು, ಬಾಯಿ ತೊಳೆದುಕೊಂಡು, ಇಡೀ ಕಾಯಿಯನ್ನೇ ಎಸೆಯಿರಿ, ಹಸುವಿಗೂ ಹಾಕಬೇಡಿ.

ಒಳ್ಳೆ ಕಾಯಿಯ ಬೀಜವನ್ನು ಮಾತ್ರ ಬಿಸಾಡಬೇಡಿ. ತಿರುಳು ಹೋಗೋ ಹಾಗೆ ತೊಳೆದು, ಬಟ್ಟೆಯ ಮೇಲೆ ಹರಡಿ ಒಂದು ದಿನ ಬಿಸಿಲಿಗಿಡಿ. ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಸಿಡಿಯಲು ಶುರುವಾಗುತ್ತೆ, ಆಗ ಇಳಿಸಿ ಉಪ್ಪು, ಮೆಣಸಿನಪುಡಿ ಹಾಕಿ. ಸುಟ್ಟ ಕುಂಬಳದ ಮೇಲೆ ಪೀಕನ್ ಬದಲು ಇದನ್ನೇ ಉದುರಿಸಿದರೂ ನಡೆಯುತ್ತೆ, ದುಡ್ಡೂ ಉಳಿಯುತ್ತೆ.