ಕೊರೊನಾ ಆದಮೇಲೆ ವೃದ್ಧರ ಆರೈಕೆ ಕೇಂದ್ರಗಳು ಸುಧಾರಿಸಿವೆಯಾ? ಅಮ್ಮನನ್ನು ಸೇರಿಸುವ ಮುಂಚೆ ಏನು ನೋಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಅಮ್ಮನಿಗೆ 79 ವರ್ಷ, ಸ್ಟ್ರೋಕ್ ಆಗಿ ಎಡಭಾಗ ಬಿದ್ದಿದೆ, ಮರೆವೂ ಶುರುವಾಗಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮೈಸೂರಿನಲ್ಲೇ ಒಂದು ಕೇಂದ್ರ ನೋಡಿಟ್ಟಿದ್ದೀರಿ, ಆದರೆ ಕೊರೊನಾ ಸಮಯದಲ್ಲಿ ಅಂಥ ಕಡೆ ನಡೆದದ್ದನ್ನು ಕೇಳಿ ಮನಸ್ಸು ಹಿಂದೇಟು ಹಾಕುತ್ತಿದೆ. ಈಗಲಾದರೂ ಸರಿಹೋಗಿದೆಯಾ, ಇನ್ನೂ ಏನು ಆಗಬೇಕು ಅಂತ ಕೇಳಿದ್ದೀರಿ.

ನಾನು ನರ್ಸ್. ಮೈಸೂರಿನ ಒಂದು ಖಾಸಗಿ ಕೇಂದ್ರದಲ್ಲಿ 2016ರಿಂದ 2023ರವರೆಗೆ ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೆ. ಈಗ ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡುತ್ತೇನೆ. ಕೇಂದ್ರದ ಹೆಸರು ಹೇಳುವುದಿಲ್ಲ, ಅದು ಬೇಡವೂ ಬೇಡ.

ಮೊದಲು ನೇರವಾಗಿ ಉತ್ತರ. ಸಾಮಾನು ಸುಧಾರಿಸಿದೆ. ಈಗ ಎಷ್ಟೋ ಕಡೆ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ, ಕೈ ತೊಳೆಯುವ ಅಭ್ಯಾಸವೂ ಅಲ್ಪಸ್ವಲ್ಪ ಉಳಿದಿದೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ನಿಮ್ಮ ಅಮ್ಮನನ್ನು ಮಗ್ಗುಲು ಬದಲಿಸಬೇಕಾದ ಹೆಂಗಸಿನ ಸ್ಥಿತಿ ನಾನು ನೋಡಿದ ಮಟ್ಟಿಗೆ 2020ರಲ್ಲಿ ಇದ್ದ ಹಾಗೇ ಇದೆ. ನಾವು ಅವರನ್ನು ಆಯಮ್ಮ ಅಂತೀವಿ. ಬ್ರೋಷರ್‌ನಲ್ಲಿ ಕೇರ್‌ಗಿವರ್ ಅಂತ ಅಚ್ಚಾಗಿರುತ್ತದೆ. ಸಂಬಳ ಮಾತ್ರ ಆಯಮ್ಮಂದೇ.

ನಮ್ಮಲ್ಲಿ 38 ಜನ ಇದ್ದರು. ಅವರಲ್ಲಿ 14 ಜನ ಪೂರ್ತಿ ಹಾಸಿಗೆಯಲ್ಲೇ. ರಾತ್ರಿಗೆ ಇಬ್ಬರು ಆಯಮ್ಮ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಬ್ಬರನ್ನು ತಿರುಗಿಸಿ, ಡೈಪರ್ ನೋಡಿ, ಬಟ್ಟೆ ಸುಕ್ಕು ತೆಗೆದು, ದಿಂಬು ಕೊಡಲು ಇಬ್ಬರು ಸೇರಿದರೂ ಹತ್ತು ನಿಮಿಷ ಬೇಕು. ಲೆಕ್ಕ ಹಾಕಿ: ಹದಿನಾಲ್ಕು ಜನಕ್ಕೆ 140 ನಿಮಿಷ. ಒಂದು ಸುತ್ತು ಮುಗಿಯುವ ಮೊದಲೇ ಮುಂದಿನ ಸುತ್ತಿನ ಹೊತ್ತು ಮೀರಿರುತ್ತದೆ. ನಡುವೆ ಯಾರೋ ಬಾತ್‌ರೂಮಿಗೆ ಎದ್ದು ಬಿದ್ದರೆ ಕಥೆ ಮುಗಿಯಿತು. ಹೀಗಿದ್ದೂ ರಿಜಿಸ್ಟರ್‌ನಲ್ಲಿ ಎರಡೆರಡು ಗಂಟೆಗೆ ಟಿಕ್ ಇರುತ್ತಿತ್ತು. ಬೆಳಿಗ್ಗೆ ಐದಕ್ಕೆ ಒಟ್ಟಿಗೇ ಹಾಕಿದ ಟಿಕ್. ನನಗೆ ಗೊತ್ತಿತ್ತು. ಬೈದು ಏನು ಪ್ರಯೋಜನ?

ಇದು ಕೊರೊನಾ ತಂದ ತೊಂದರೆ ಅಲ್ಲ, ಮೊದಲಿಂದಲೂ ಇತ್ತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ಆಗ ಮುಸುಕು ತೆಗೆದ ಹಾಗೆ ಎಲ್ಲ ಹೊರಗೆ ಬಂತು. ನಮ್ಮ ಆಯಮ್ಮಂದಿರು ನಂಜನಗೂಡು, ಟಿ. ನರಸೀಪುರ, ಎಚ್.ಡಿ. ಕೋಟೆ ಕಡೆಯಿಂದ ಬಸ್ಸಿಗೆ ಬರುವವರು. ಬಸ್ಸು ನಿಂತಿತು. ಆರು ಜನ ಒಳಗೇ ಉಳಿದರು. ಊಟದ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಏಳು ವಾರ ಇದ್ದರು. ಅವರ ಮಕ್ಕಳು ಊರಲ್ಲಿ. ಮೂರು ತಿಂಗಳು ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಟ್ಟರು. ನಾಲ್ಕನೇ ತಿಂಗಳಿಂದ ಮತ್ತೆ ಹಳೆಯ 9,500.

ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಯಲ್ಲಿ, ನಮ್ಮಲ್ಲಿ 11 ಜನಕ್ಕೆ ಸೋಂಕು ಬಂತು. ನಾಲ್ಕು ಜನ ಹೋದರು. ಹಗಲು ನಮ್ಮಲ್ಲಿ ಮಾಡಿ, ರಾತ್ರಿ ಇನ್ನೊಂದು ಮನೆಯಲ್ಲಿ ಹೋಮ್ ನರ್ಸ್ ಆಗಿ ಕೆಲಸ ಮಾಡುತ್ತಿದ್ದ ಒಬ್ಬಳಿಗೆ ಮೊದಲು ಜ್ವರ ಬಂದಿತ್ತು. ಎರಡು ದಿನ ಡೋಲೋ ನುಂಗಿಕೊಂಡು ಬಂದಳು. ರಜೆ ಹಾಕಿದರೆ ಸಂಬಳ ಕಟ್, ಅದಕ್ಕೆ. ಆಡಳಿತದವರು 'ಅವಳಿಂದಲೇ ಬಂತು' ಅಂತ ಬರೆದು ಕೆಲಸದಿಂದ ತೆಗೆದರು. ಅವಳಿಂದಲೇ ಬಂತೋ, ಸಿಲಿಂಡರ್ ತಂದವನಿಂದ ಬಂತೋ, ನನ್ನಿಂದಲೇ ಬಂತೋ, ಯಾರಿಗೆ ಗೊತ್ತು? ಆ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಇವತ್ತಿಗೂ ಅದು ನೆನಪಾದರೆ ಊಟ ಸೇರುವುದಿಲ್ಲ.

ಒಬ್ಬರೇ ಎರಡು ಮೂರು ಕಡೆ ದುಡಿಯುವುದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಮೊದಲ ಅಲೆಯಲ್ಲಿ ಕೊರೊನಾದಿಂದ ಸತ್ತವರಲ್ಲಿ ನೂರಕ್ಕೆ ಸುಮಾರು 80 ಮಂದಿ ಇಂಥ ಕೇಂದ್ರಗಳಲ್ಲಿ ಇದ್ದವರು. ಅಲ್ಲೂ ಒಂದು ಕೋಣೆಗೆ ನಾಲ್ಕು ಹಾಸಿಗೆ, ಅಲ್ಲೂ ಕಡಿಮೆ ಸಂಬಳಕ್ಕೆ ಎರಡೆರಡು ಕಡೆ ಓಡುವ ಹೆಂಗಸರು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದವರು 2020ರಲ್ಲೇ 'ಒಬ್ಬರು ಒಂದೇ ಕೇಂದ್ರದಲ್ಲಿ ಕೆಲಸ ಮಾಡಬೇಕು' ಅಂತ ಆದೇಶ ಮಾಡಿದರು. ಆದೇಶದ ಜೊತೆಗೆ ಸಂಬಳವನ್ನೂ ಏರಿಸಿದರು, ಅದು ಮುಖ್ಯ. ಸಂಬಳ ಏರಿಸದೆ 'ಬೇರೆ ಕಡೆ ಹೋಗಬೇಡ' ಅಂದರೆ ಅವಳು ಏನು ತಿನ್ನಬೇಕು? ಅಲ್ಲಿಯದೇ ಇನ್ನೊಂದು ಪ್ರಾಂತ್ಯ ಒಂಟಾರಿಯೊದವರು 2021ರಲ್ಲಿ ಹೊಸ ಕಾನೂನು ಮಾಡಿ, ಒಬ್ಬರಿಗೆ ದಿನಕ್ಕೆ ಸರಾಸರಿ 4 ಗಂಟೆ ನೇರ ಆರೈಕೆ ಸಿಗಬೇಕು ಅಂತ ಗುರಿ ಬರೆದರು. ಬರೆದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲ್ಲ. ಆದರೆ ಜಗಳ ಆಡಲು ಕೈಗೊಂದು ಅಂಕಿ ಸಿಕ್ಕಿತು. ನಮ್ಮಲ್ಲಿ ಅದೂ ಇಲ್ಲ.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ನಮ್ಮಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದರು. ಸ್ಟ್ರೋಕ್ ಆಗಿ ಬಲಭಾಗ ಬಿದ್ದಿತ್ತು. ಅವರ ಹೆಂಡತಿ ದಿನಾ ಹನ್ನೆರಡೂವರೆಗೆ ಆಟೋದಲ್ಲಿ ಬಂದು ಊಟ ಮಾಡಿಸುತ್ತಿದ್ದರು. ಚೆನ್ನಾಗಿ ಮಿದ್ದ ಮೊಸರನ್ನ. ಚಿಕ್ಕ ತುತ್ತು ಮಾಡಿ ಎಡಗೆನ್ನೆಯ ಕಡೆ ಇಡುತ್ತಿದ್ದರು, ನುಂಗಿದ ಮೇಲೆ ಕಿರುಬೆರಳಿಂದ ಬಲಗೆನ್ನೆಯೊಳಗೆ ಅನ್ನ ಉಳಿದಿದೆಯಾ ಅಂತ ನೋಡುತ್ತಿದ್ದರು. ಉಳಿದದ್ದು ಆಮೇಲೆ ಜಾರಿ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಇದನ್ನು ಆಸ್ಪತ್ರೆಯಲ್ಲಿ ಯಾರೋ ಫಿಸಿಯೋ ಒಮ್ಮೆ ಹೇಳಿದ್ದರಂತೆ, ಆ ಅಮ್ಮ ಮರೆತಿರಲಿಲ್ಲ. ಒಂದು ಊಟಕ್ಕೆ ಮುಕ್ಕಾಲು ಗಂಟೆ.

ಲಾಕ್‌ಡೌನ್ ಆದಾಗ ಅವರನ್ನು ಗೇಟಿನಲ್ಲೇ ನಿಲ್ಲಿಸಿದೆವು. ವಿಸಿಟರ್ಸ್ ಇಲ್ಲ ಅಂದರೆ ಇಲ್ಲ. ಆಯಮ್ಮನ ಕೈಯಲ್ಲಿ ಊಟಕ್ಕೆ ಹತ್ತು ನಿಮಿಷ, ಅದೂ ಸ್ಪೂನಿನಲ್ಲಿ. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿಸುತ್ತಿದ್ದೆ. ಮೇಷ್ಟ್ರು ಫೋನಿನ ಹಿಂಬದಿ ತಿರುಗಿಸಿ ನೋಡುತ್ತಿದ್ದರು, ಹೆಂಡತಿ ಅಲ್ಲಿ ಅಡಗಿ ಕೂತಿದ್ದಾರೇನೋ ಅಂತ. ಮಾರ್ಚ್‌ನಲ್ಲಿ 58 ಕೆಜಿ ಇದ್ದವರು ಆಗಸ್ಟ್‌ನಲ್ಲಿ 49. ಅವರಿಗೆ ಕೊರೊನಾ ಬರಲೇ ಇಲ್ಲ. ಅಕ್ಟೋಬರ್‌ನಲ್ಲಿ ತೀರಿಕೊಂಡರು.

ನಾವು ಆ ಅಮ್ಮನನ್ನು ವಿಸಿಟರ್ ಅಂತ ಲೆಕ್ಕ ಹಾಕಿದ್ದೇ ತಪ್ಪು. ಅವರು ಸಂಬಳ ಇಲ್ಲದ ಸಿಬ್ಬಂದಿ ಆಗಿದ್ದರು. ಒಂಟಾರಿಯೊದಲ್ಲಿ 2020ರ ಕೊನೆಯ ಹೊತ್ತಿಗೆ ಇಂಥವರನ್ನು ಅಗತ್ಯ ಆರೈಕೆದಾರರು ಅಂತ ಗುರುತಿಸಿ, ಬೇರೆ ವಿಸಿಟರ್‌ಗಳನ್ನು ನಿಲ್ಲಿಸಿದ ದಿನಗಳಲ್ಲೂ ಮಾಸ್ಕು ಹಾಕಿಸಿ ಒಳಗೆ ಬಿಟ್ಟರು. ನಮಗೂ ಹೊಳೆಯಬಹುದಿತ್ತು. ಹೊಳೆಯಲಿಲ್ಲ. ಆದ್ದರಿಂದ ನೀವು ಸೇರಿಸುವಾಗ ಒಂದು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಮುಂದೆ ಎಂಥದೇ ರೋಗ ಬಂದರೂ ಮನೆಯವರಲ್ಲಿ ಒಬ್ಬರನ್ನು ಒಳಗೆ ಬಿಡಬೇಕು. ಕೊಡಲ್ಲ ಅಂದರೆ ಯಾಕೆ ಅಂತ ಕೇಳಿ.

ಲಸಿಕೆ ವಿಷಯ ನೆನಪಾದರೆ ಈಗ ನಗು ಬರುತ್ತದೆ, ಆಗ ಅಳು ಬಂದಿತ್ತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಅಂತ ಶುರುವಾಯಿತು. ಕೋವಿನ್‌ನಲ್ಲಿ ಹೆಸರು ಹಾಕಲು ಫೋನಿಗೆ ಓಟಿಪಿ ಬರಬೇಕು, ಒಂದು ನಂಬರಿಗೆ ನಾಲ್ಕೇ ಜನ. ನಮ್ಮ ಅಜ್ಜ ಅಜ್ಜಿಯರಿಗೆ ಎಲ್ಲಿಯ ಫೋನು? ಅಡುಗೆಯವರ ನಂಬರಿಗೆ ನಾಲ್ಕು, ವಾಚ್‌ಮ್ಯಾನ್ ನಂಬರಿಗೆ ನಾಲ್ಕು, ನನ್ನ ಗಂಡನ ನಂಬರಿಗೆ ನಾಲ್ಕು, ಹೀಗೆ ಹಂಚಿದೆವು. ಕೆಲವರ ಬಳಿ ಆಧಾರ್ ಕೂಡ ಇರಲಿಲ್ಲ. ಗುರುತಿನ ಚೀಟಿ ಇಲ್ಲದ ವೃದ್ಧಾಶ್ರಮದವರಿಗೂ ಹಾಕಬೇಕು ಅಂತ ಕೇಂದ್ರ ಸರ್ಕಾರದ ಸೂಚನೆ ಬರುವ ಹೊತ್ತಿಗೆ ಮೇ ಬಂದಿತ್ತು. ಎರಡನೇ ಅಲೆ ಆಗಲೇ ನೆತ್ತಿ ಮೇಲೆ ಕೂತಿತ್ತು.

ಸರ್ಕಾರ ಏನು ಮಾಡಬೇಕು ಅಂದಿರಿ. 2007ರಲ್ಲಿ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಬಂತು. ಜಿಲ್ಲೆಗೆ ಕನಿಷ್ಠ ಒಂದು, 150 ಬಡ ವೃದ್ಧರಿಗೆ ಸಾಕಾಗುವ ವೃದ್ಧಾಶ್ರಮ ಅಂತ ಅದರಲ್ಲಿದೆ, ಆದರೆ 'ಮಾಡಬಹುದು' ಅಂತ ಇದೆ, 'ಮಾಡಬೇಕು' ಅಂತ ಇಲ್ಲ. 2019ರ ಡಿಸೆಂಬರ್‌ನಲ್ಲಿ, ಅಂದರೆ ಕೊರೊನಾ ಇನ್ನೂ ಇಲ್ಲಿಗೆ ಕಾಲಿಡುವ ಮುಂಚೆ, ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದಿತ್ತು. ಆರೈಕೆ ಕೇಂದ್ರಗಳೂ, ಹೋಮ್ ನರ್ಸ್ ಕಳಿಸುವ ಏಜೆನ್ಸಿಗಳೂ ನೋಂದಣಿ ಆಗಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅಂತ. ಅಷ್ಟು ಜನ ಸತ್ತ ಮೇಲಾದರೂ ಪಾಸಾಗಬೇಕಿತ್ತು, ಅಲ್ವಾ? ಆಗಲಿಲ್ಲ. 2024ರಲ್ಲಿ ಆ ಲೋಕಸಭೆಯ ಜೊತೆಗೇ ಮಸೂದೆಯೂ ಬಿದ್ದುಹೋಯಿತು.

70 ದಾಟಿದವರಿಗೆಲ್ಲ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ ಅಂತ 2024ರ ಅಕ್ಟೋಬರ್‌ನಲ್ಲಿ ಬಂತಲ್ಲ, ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ಸೇರಿದರೆ. ಡಿಸ್ಚಾರ್ಜ್ ಆಗಿ ಬಂದಮೇಲೆ ವರ್ಷಗಟ್ಟಲೆ ಮಗ್ಗುಲು ಬದಲಿಸುವವರ ಕೂಲಿಗೆ ಅದರಲ್ಲಿ ಕಾಸಿಲ್ಲ. ರಾಜ್ಯ ಸರ್ಕಾರ ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ತಿಂಗಳಿಗೆ ಸಾವಿರದಿಂದ 1,200 ರೂಪಾಯಿಗೆ ಏರಿತು. ಅಷ್ಟು ದುಡ್ಡಿಗೆ ತಿಂಗಳ ಡೈಪರ್ ಕೂಡ ಬರುವುದಿಲ್ಲ. ಜಪಾನ್ 2000ದಿಂದ ಇಂಥ ಆರೈಕೆಗೇ ಬೇರೆ ವಿಮೆ ಇಟ್ಟಿದೆ, 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ ಪಂಚಾಯಿತಿ ಮಟ್ಟದಲ್ಲೇ ಪ್ಯಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡುವ ನರ್ಸ್, ಹಾಸಿಗೆ ಹಿಡಿದವರ ಮನೆಗೆ ಬರುತ್ತಾರೆ. 2008ರಲ್ಲೇ ಅವರು ಅದಕ್ಕೊಂದು ನೀತಿ ಮಾಡಿಕೊಂಡರು. ನನ್ನನ್ನು ಕೇಳಿದರೆ ಹೊಸ ಕಟ್ಟಡಕ್ಕಿಂತ ಮೊದಲು ಇದು ಬೇಕು. ಜೊತೆಗೆ ಆಯಮ್ಮಂದಿರಿಗೆ ಸಂಬಳ ಸಹಿತ ಜ್ವರದ ರಜೆ.

ಇನ್ನು ನಿಮ್ಮ ಅಮ್ಮನ ವಿಷಯ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಬೇಡಿ, ಆಗ ಎಲ್ಲ ಫಿನಾಯಿಲ್ ವಾಸನೆ ಹೊಡೆಯುತ್ತಿರುತ್ತದೆ. ಯಾವುದಾದರೂ ವಾರದ ದಿನ ಸಂಜೆ ಏಳೂವರೆಗೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಹೇಳದೆ ಹೋಗಿ. ಮರೆವಿನವರಿಗೆ ತಳಮಳ ಜಾಸ್ತಿ ಆಗುವುದೂ ಸಂಜೆಯೇ, ಆಗ ಅವರ ಜೊತೆ ಯಾರು ಹೇಗೆ ಮಾತಾಡುತ್ತಾರೆ ಅಂತ ಸುಮ್ನೆ ನಿಂತು ಕೇಳಿಸಿಕೊಳ್ಳಿ. ಮ್ಯಾನೇಜರ್ ಮಾತು ಬಿಡಿ. ಒಬ್ಬ ಆಯಮ್ಮನನ್ನು ಮಾತಾಡಿಸಿ: ಎಷ್ಟು ದಿನದಿಂದ ಇದ್ದೀರ ಅಕ್ಕ, ರಾತ್ರಿ ಎಷ್ಟು ಜನ ಇರ್ತೀರ, ಜ್ವರ ಬಂದರೆ ರಜೆ ಕೊಡ್ತಾರಾ? ಎರಡು ವರ್ಷ ದಾಟಿದವರು ಮೂರು ನಾಲ್ಕು ಜನ ಸಿಕ್ಕರೆ ಆ ಜಾಗ ಪರವಾಗಿಲ್ಲ. ಎಲ್ಲರೂ ಹೋದ ತಿಂಗಳು ಬಂದವರೇ ಆದರೆ ಯೋಚನೆ ಮಾಡಿ. ಮಲಗಿದವರ ಉಗುರು ನೋಡಿ, ತುಟಿ ಒಣಗಿದೆಯಾ ನೋಡಿ, ನೀರಿನ ಲೋಟ ಅವರ ಕೈಗೆ ಎಟುಕುವಲ್ಲಿದೆಯಾ ನೋಡಿ. ಎಷ್ಟೋ ಕಡೆ ಲೋಟ ಕಿಟಕಿ ಕಟ್ಟೆ ಮೇಲೆ ಇರುತ್ತದೆ, ಮಲಗಿದವರಿಗೆ ಅದು ಬೆಂಗಳೂರಿನಷ್ಟು ದೂರ.

ಮನೆಯಲ್ಲೇ ಇಟ್ಟುಕೊಳ್ಳುತ್ತೀರಿ, ಏಜೆನ್ಸಿಯಿಂದ ಹೋಮ್ ನರ್ಸ್ ತರುತ್ತೀರಿ ಅಂದರೂ ಇದೇ ಮಾತು. ನೀವು ಕೊಡುವ ದುಡ್ಡಿನಲ್ಲಿ ಆಕೆಗೆ ಎಷ್ಟು ತಲುಪುತ್ತದೆ ಅಂತ ಆಕೆಯನ್ನೇ ಕೇಳಿ. ವಾರಕ್ಕೊಂದು ದಿನ ಬಿಡುವು ಕೊಡಿ, ಆ ದಿನ ನೀವು ನೋಡಿಕೊಳ್ಳಿ. ಕೆಲಸ ಎಂಥದ್ದು ಅಂತ ನಿಮಗೂ ಗೊತ್ತಾಗುತ್ತದೆ.

ಎಲ್ಲೇ ಇಟ್ಟರೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮಂಚದ ತಲೆಕಡೆ ಗೋಡೆಗೆ ಅಂಟಿಸಿ. ಅಮ್ಮನಿಗೆ ಯಾವ ಕೆನ್ನೆಯಲ್ಲಿ ತುತ್ತು ಕೊಡಬೇಕು, ಕನ್ನಡಕ ಎಲ್ಲಿದೆ, ರಾತ್ರಿ ಲೈಟ್ ಬೇಕಾ, ಏನಂತ ಕರೆದರೆ ತಿರುಗಿ ನೋಡುತ್ತಾರೆ, ಎಲ್ಲ. ಮೊದಲ ಸಾಲು ಮಾತ್ರ ಇದಿರಲಿ: ಎಡಗೈ ಹಿಡಿದು ಎಬ್ಬಿಸಬೇಡಿ. ಸ್ಟ್ರೋಕ್ ಆದ ಕಡೆಯ ಭುಜ ಎಳೆದರೆ ಕೀಲು ಜಾರುತ್ತದೆ, ಹೊಸದಾಗಿ ಬಂದ ಆಯಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.