ಹಳೆಯ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಕಾರ್ಖಾನೆಯಿಂದ ಯಾವಾಗ, ಎಲ್ಲಿಗೆ ಹೋಯಿತು ಅಂತ ಪತ್ತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಓಹಾಯೋದ ಎಸ್ಟೇಟ್ ಸೇಲ್ (ತೀರಿಕೊಂಡವರ ಮನೆಸಾಮಾನಿನ ಮಾರಾಟ) ಒಂದರಲ್ಲಿ ಐದು ಇಂಚು ನಳಿಗೆಯ ಸ್ಮಿತ್ ಅಂಡ್ ವೆಸನ್ ಕೊಂಡಿದ್ದೀರಿ. ಹಿಡಿಯ ಬುಡದಲ್ಲಿ 'ವಿ' ಅಕ್ಷರ, ಜೊತೆಗೆ ಆರಂಕಿಯ ಸಂಖ್ಯೆ. ಸಿಲಿಂಡರ್ ಹೊರಗೆ ತೆಗೆದರೆ ಅದನ್ನು ಹೊತ್ತ ತೋಳಾದ 'ಕ್ರೇನ್' ಮೇಲೆ ಬೇರೆಯೇ ಒಂದು ಸಂಖ್ಯೆ. ಇದರಲ್ಲಿ ಯಾವುದು ಅಸಲಿ, ಗನ್ ಯಾವ ವರ್ಷದ್ದು, ರವಾನೆಯ ವಿವರ ಕೊಡುವ ಕಾರ್ಖಾನೆಯ ಪತ್ರ ತರಿಸಿದರೆ ಹಳೆಯ ಮಾಲೀಕರ ಹೆಸರು ಸಿಗುತ್ತದೆಯೇ?

ಕೊನೆಯದಕ್ಕೆ ಮೊದಲು ಉತ್ತರ: ಸಿಗುವುದಿಲ್ಲ. ಕಾರ್ಖಾನೆಯ ದಾಖಲೆ ಗನ್ ತನ್ನ ಗೇಟು ದಾಟಿದ ದಿನಕ್ಕೆ ಮುಗಿಯುತ್ತದೆ. ಬಂದೂಕುಗಳ ಉಸ್ತುವಾರಿ ನೋಡುವ ಅಮೆರಿಕದ ಸಂಸ್ಥೆ ಎಟಿಎಫ್‌ಗೆ ಬರೆದರೂ ಪ್ರಯೋಜನವಿಲ್ಲ. ಅವರ ಟ್ರೇಸಿಂಗ್ ಕೇಂದ್ರ ಇರುವುದು ಪೊಲೀಸ್ ತನಿಖೆಗೆ, ಸಂಗ್ರಾಹಕರಿಗಲ್ಲ. ಆಮೇಲಿನ ಕಥೆ ಎಲ್ಲಾದರೂ ಉಳಿದಿದ್ದರೆ ಅದು ಲೋಹದ ಮೇಲೆ, ಮುದ್ರೆಗಳ ರೂಪದಲ್ಲಿ. ಅದಕ್ಕೇ ನಾನು ಪತ್ರಕ್ಕೆ ದುಡ್ಡು ಕಟ್ಟುವ ಮೊದಲು ಗನ್ನನ್ನೇ ಓದಿ ಅನ್ನುವುದು.

ಸಿಲಿಂಡರ್ ತೆರೆದು ಗುಂಡು ಕೂರುವ ಆರೂ ಮನೆ ಖಾಲಿ ಇವೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡ ಮೇಲೆ ಮುಂದಿನ ಮಾತು.

ಯೋಕ್ ಮೇಲಿನ ಸಂಖ್ಯೆಯನ್ನು ಮರೆತುಬಿಡಿ. (ಕ್ರೇನ್ ಅನ್ನುವುದು ಕೋಲ್ಟ್‌ನವರ ಮಾತು, ಸ್ಮಿತ್‌ನವರದು ಯೋಕ್.) ಅದು ಅಸೆಂಬ್ಲಿ ಸಂಖ್ಯೆ. ಫ್ರೇಮ್, ಯೋಕ್, ಸೈಡ್‌ಪ್ಲೇಟ್ (ಫ್ರೇಮಿನ ಬದಿಯ ಮುಚ್ಚಳ) ಒಂದಕ್ಕೊಂದು ಕೂರಿಸಿದ ಮೇಲೆ ಪಾಲಿಶ್‌ಗೆ ಬೇರೆಬೇರೆಯಾಗಿ ಹೋಗುತ್ತಿದ್ದವು. ವಾಪಸು ಬಂದಾಗ ಜೋಡಿ ತಪ್ಪದಿರಲಿ ಅಂತ ಹೊಡೆದದ್ದು. ಈ ಸಂಖ್ಯೆ ಬರೆದು ಕಳಿಸಿ ತಪ್ಪು ಉತ್ತರ ಪಡೆದವರು ಬಹಳ ಮಂದಿ. ಅಸಲಿ ಸೀರಿಯಲ್ ಹಿಡಿಯ ಬುಡದ್ದೇ. ನಿಮ್ಮದರಲ್ಲಿ ಅಲ್ಲಿ ಹಗ್ಗ ಕಟ್ಟುವ ಬಳೆ, ಇಲ್ಲವೇ ಅದನ್ನು ಕಿತ್ತು ಮುಚ್ಚಿದ ತೂತು ಇರಬೇಕು. ಅದರ ಪಕ್ಕದ ಅಂಕಿಗಳನ್ನೇ ಜೋಪಾನವಾಗಿ ಓದಿ. ಮೂರು ಎಂಟಾಗಿ ಕಾಣುವುದು ಇಲ್ಲೇ. ತಂತಿ ಬ್ರಷ್ ಹಾಕಬೇಡಿ. ಎಣ್ಣೆ ಹಾಕಿ ಹತ್ತಿಯಲ್ಲಿ ಕೊಳೆ ಒರೆಸಿ, ಸ್ವಲ್ಪ ಟಾಲ್ಕಂ ಪೌಡರ್ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ.

ಅದೇ ಸಂಖ್ಯೆ ಇನ್ನೂ ಕೆಲವು ಕಡೆ ಇರಬೇಕು: ಸಿಲಿಂಡರಿನ ಹಿಂಬದಿ, ನಳಿಗೆಯ ಕೆಳಗೆ ಎಜೆಕ್ಟರ್ ರಾಡ್ (ಖಾಲಿ ಕೇಸು ಹೊರದೂಡುವ ಸರಳು) ಕೂರುವ ಚಪ್ಪಟೆ ಜಾಗ, ಆ ಕೇಸುಗಳನ್ನು ಎತ್ತುವ ಎಕ್ಸ್‌ಟ್ರಾಕ್ಟರ್ ನಕ್ಷತ್ರದ ಒಳಮೈ, ಬಲಬದಿ ಹಿಡಿಮರದ ಒಳಗೆ. ಹಿಡಿಮರ ಬಿಚ್ಚುವಾಗ ಸಂದಿಗೆ ಚಾಕು ತುರುಕಿ ಮೀಟುವವರು ಅಂಚು ಮುರಿದುಕೊಳ್ಳುತ್ತಾರೆ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಅಗಲದ ಡ್ರೈವರ್ ಹಿಡಿದು ನಾಲ್ಕೈದು ಸುತ್ತು ಸಡಿಲಿಸಿ, ಆಮೇಲೆ ಸ್ಕ್ರೂ ತಲೆಯನ್ನು ಮೆಲ್ಲಗೆ ಒತ್ತಿದರೆ ಎದುರುಬದಿಯ ಮರ ತಾನಾಗಿ ಏಳುತ್ತದೆ. ಸೈಡ್‌ಪ್ಲೇಟ್ ತಂಟೆಗೆ ಹೋಗಬೇಡಿ, ಈ ಕೆಲಸಕ್ಕೆ ಅದು ಬೇಕಿಲ್ಲ.

ಈಗ ವರ್ಷ. 'ವಿ' ಅಂದರೆ ವಿಕ್ಟರಿ, ಮಿಲಿಟರಿ ಅಂಡ್ ಪೊಲೀಸ್ ರಿವಾಲ್ವರಿನ ಎರಡನೇ ಮಹಾಯುದ್ಧದ ಕಾಲದ ರೂಪ. ಆ ಮೂಲ ಮಾದರಿ 1899ರಿಂದ ಇದ್ದದ್ದು. ಅದರ ಸೀರಿಯಲ್ 1942ರಲ್ಲಿ ಹತ್ತು ಲಕ್ಷ ಮುಟ್ಟಿದಾಗ ಕಂಪನಿ ಮತ್ತೆ ಒಂದರಿಂದ, 'ವಿ' ಸೇರಿಸಿ ಶುರುಮಾಡಿತು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 8,11,000 ತಲುಪಿತ್ತು. ಕೊನೆಯ ಕಂತಿನವಕ್ಕೆ 'ಎಸ್‌ವಿ' ಎಂದಿರುತ್ತದೆ. ಕೆಳಗೆ ಬಿದ್ದ ರಿವಾಲ್ವರ್ ಹಾರಿ ನಾವಿಕನೊಬ್ಬ ಸತ್ತ ಮೇಲೆ, 1944ರ ಕೊನೆಯಲ್ಲಿ ಹ್ಯಾಮರ್ ಬ್ಲಾಕ್ (ಟ್ರಿಗರ್ ಎಳೆಯದೆ ಹ್ಯಾಮರ್ ಗುಂಡಿಗೆ ಬಡಿಯದಂತೆ ತಡೆಯುವ ಭಾಗ) ಬದಲಾಯಿತು, ಆ 'ಎಸ್' ಅದರ ಗುರುತು. ನಿಮ್ಮದು ಬರೀ 'ವಿ' ಆದ್ದರಿಂದ ಹಳೆಯ ಬ್ಲಾಕ್ ಇರಬಹುದು. ಹ್ಯಾಮರ್ ಕೆಳಗೆ ಗುಂಡು ಇಟ್ಟುಕೊಂಡು ಓಡಾಡಬೇಡಿ.

ಸಂಖ್ಯೆ ನೋಡಿ ತಿಂಗಳು ಹೇಳುವ ಪಟ್ಟಿಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವು ಅಂದಾಜು ಮಾತ್ರ. ಗನ್ನುಗಳು ಸಂಖ್ಯೆಯ ಸಾಲಿನಲ್ಲಿ ಕಾರ್ಖಾನೆ ಬಿಡುತ್ತಿರಲಿಲ್ಲ. ತಿಜೋರಿಯಲ್ಲಿ ಕೈಗೆ ಸಿಕ್ಕ ಪೆಟ್ಟಿಗೆ ಮೊದಲು ಹೋಗುತ್ತಿತ್ತು. ಖಚಿತ ದಿನಾಂಕ ಬೇಕಿದ್ದರೆ ರವಾನೆ ಪುಸ್ತಕವೇ ಗತಿ.

ಪತ್ರ ಕೊಡುವುದು ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್. ದಶಕಗಳ ಕಾಲ ಈ ಪತ್ರಗಳಿಗೆ ಸಹಿ ಹಾಕಿದವರು ಕಂಪನಿಯ ಇತಿಹಾಸಕಾರ ರಾಯ್ ಜಿಂಕ್ಸ್. ಈಗಿನ ಶುಲ್ಕವನ್ನು ಅವರ ಅರ್ಜಿಯಲ್ಲೇ ನೋಡಿಕೊಳ್ಳಿ. ಅರ್ಜಿಯಲ್ಲಿ ಸೀರಿಯಲ್ ಬರೆದರೆ ಸಾಲದು, ಕ್ಯಾಲಿಬರ್ ಕಡ್ಡಾಯ. ಸ್ಮಿತ್‌ನವರು ಒಂದೊಂದು ಸರಣಿಗೂ ಬೇರೆ ಎಣಿಕೆ ಇಟ್ಟಿದ್ದರಿಂದ 50,000 ಎಂಬ ಸಂಖ್ಯೆ .32ರಲ್ಲೂ ಇದೆ, .38ರಲ್ಲೂ ಇದೆ. ಮುಂಚಿನ ಅಕ್ಷರ ಬಿಟ್ಟರೆ ನಿಮ್ಮ ಗನ್ 30 ವರ್ಷ ಹಿಂದಕ್ಕೆ ಹೋದೀತು. ನಳಿಗೆಯನ್ನು ಸಿಲಿಂಡರಿನ ಮುಂಮುಖದಿಂದ ತುದಿಯವರೆಗೆ ಅಳೆಯಿರಿ, ಫ್ರೇಮಿನಿಂದ ಹೊರಗೆ ಕಾಣುವಷ್ಟನ್ನು ಮಾತ್ರ ಅಲ್ಲ. ಎರಡೂ ಬದಿಯ ಫೋಟೊ, ಬುಡದ ಫೋಟೊ, ಸಿಕ್ಕ ಎಲ್ಲ ಮುದ್ರೆಗಳ ಹತ್ತಿರದ ಫೋಟೊ ಸೇರಿಸಿ.

ಬರುವ ಪತ್ರದಲ್ಲಿ ಮಾದರಿಯ ಹಿನ್ನೆಲೆ ಒಂದೆರಡು ಪ್ಯಾರಾ ಇರುತ್ತದೆ (ಎಲ್ಲರಿಗೂ ಹೆಚ್ಚುಕಡಿಮೆ ಅದೇ), ಕೊನೆಗೆ ನಿಮಗೆ ಬೇಕಾದ ಮೂರ್ನಾಲ್ಕು ಸಾಲು: ರವಾನೆಯ ದಿನಾಂಕ, ಎಲ್ಲಿಗೆ, ನಳಿಗೆಯ ಉದ್ದ, ಬಣ್ಣ, ಹಿಡಿ. ಬ್ರಿಟಿಷರಿಗೆ ಹೋದ ವಿಕ್ಟರಿಗಳಿಗೆ ಆ 'ಎಲ್ಲಿಗೆ' ಸಾಮಾನ್ಯವಾಗಿ ನಿರಾಸೆ ತರುತ್ತದೆ. ಅಮೆರಿಕ ಸರ್ಕಾರದ ಡಿಪೋ ಹೆಸರು ಇರುತ್ತದೆಯೇ ಹೊರತು ಬ್ರಿಟಿಷ್ ರೆಜಿಮೆಂಟಿನದಲ್ಲ. ಇದೇ ವಿಕ್ಟರಿಯಲ್ಲಿ ಡಿಫೆನ್ಸ್ ಸಪ್ಲೈಸ್ ಕಾರ್ಪೊರೇಶನ್ ಮೂಲಕ ಹಂಚಿದ .38 ಸ್ಪೆಶಲ್‌ಗಳಿವೆ. ಅವು ಯುದ್ಧದ ಕಾಲದಲ್ಲಿ ಒಳನಾಡಿನ ಪೊಲೀಸ್ ಠಾಣೆ, ಸರಕು ತಯಾರಿಸುವ ಕಾರ್ಖಾನೆಗಳ ಕಾವಲುಗಾರರಿಗೆ ಹೋದವು. ಮೈಮೇಲೆ ಸರ್ಕಾರಿ ಮುದ್ರೆ ಇಲ್ಲದ ಅಂಥದ್ದು ಸಿಕ್ಕರೆ ಕಣ್ಣುಮುಚ್ಚಿ ಪತ್ರ ತರಿಸಿ, ಊರಿನ ಹೆಸರೇ ಸಿಗಬಹುದು. ನಿಮ್ಮ ಐದು ಇಂಚಿನದಕ್ಕೆ ಪತ್ರ ತರಿಸಲೇಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ.

ಯಾಕೆಂದರೆ ಐದು ಇಂಚಿನ ವಿಕ್ಟರಿ ಕಾಮನ್‌ವೆಲ್ತ್ ಸೇನೆಗಳಿಗೆ ಲೆಂಡ್-ಲೀಸ್‌ನಲ್ಲಿ (ಮಿತ್ರದೇಶಗಳಿಗೆ ಅಮೆರಿಕ ಕೊಟ್ಟ ಯುದ್ಧನೆರವು) ಹೋದ, ಬ್ರಿಟಿಷ್ .38/200 ಕಾಡತೂಸಿನ ಗನ್. ಅಂಥವು ಐದೂವರೆ ಲಕ್ಷಕ್ಕೂ ಹೆಚ್ಚು ತಯಾರಾದವು. ನಳಿಗೆಯ ಬಲಬದಿಯಲ್ಲಿ '38 ಎಸ್ ಅಂಡ್ ಡಬ್ಲ್ಯೂ ಸಿಟಿಜಿ' ಎಂದಿದ್ದರೆ ಅದೇ. ಇದರ ಪ್ರಯಾಣ ಮುದ್ರೆಗಳಲ್ಲಿದೆ. ಫ್ರೇಮಿನ ಮೇಲ್ಪಟ್ಟಿಯಲ್ಲಿ 'ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ' ಅಥವಾ ಚಿಕ್ಕದಾಗಿ 'ಯು.ಎಸ್. ಪ್ರಾಪರ್ಟಿ', ಪಕ್ಕದಲ್ಲಿ 'ಜಿ.ಎಚ್.ಡಿ.' ಇದ್ದರೆ ಅದು ತಪಾಸಣಾಧಿಕಾರಿ ಗೈ ಡ್ರೂರಿಯ ಮೊದಲಕ್ಷರ. 'ಸಿ' ಒಳಗೆ ಬಾಣ ಇದ್ದರೆ ಕೆನಡಾ. 'ಯು' ಒಳಗೆ ಬಾಣ ಇದ್ದರೆ ದಕ್ಷಿಣ ಆಫ್ರಿಕಾ. 'ಎಫ್‌ಟಿಆರ್' ಜೊತೆಗೆ 'ಎಂಎ' ಮತ್ತು ಐವತ್ತರ ದಶಕದ ವರ್ಷ ಇದ್ದರೆ ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಯಲ್ಲಿ ಪೂರ್ತಿ ರಿಪೇರಿಯಾಗಿದೆ. ಕಿರೀಟದ ಕೆಳಗೆ 'ಬಿಎನ್‌ಪಿ', '3½ ಟನ್ಸ್', 'ನಾಟ್ ಇಂಗ್ಲಿಶ್ ಮೇಕ್' ಇದ್ದರೆ ಯುದ್ಧದ ನಂತರ ಬ್ರಿಟನ್ ಅದನ್ನು ಹೆಚ್ಚುವರಿ ಎಂದು ಮಾರಿದೆ ಎಂದರ್ಥ. ಮಾರುವ ಮುನ್ನ ಅಲ್ಲಿನ ಪ್ರೂಫ್ ಹೌಸ್‌ನಲ್ಲಿ (ಬಂದೂಕಿನ ಗಟ್ಟಿತನ ನೋಡುವ ಸಂಸ್ಥೆ) ಪರೀಕ್ಷೆ ಕಡ್ಡಾಯ.

ಹೀಗೆ ಬಂದವುಗಳ ದೊಡ್ಡ ರೋಗ ಮನೆ ಕೊರೆದಿರುವುದು. ಅಮೆರಿಕದಲ್ಲಿ .38 ಸ್ಪೆಶಲ್ ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದರಿಂದ ವ್ಯಾಪಾರಿಗಳು ಸಿಲಿಂಡರಿನ ಮನೆಗಳನ್ನು ಉದ್ದಕ್ಕೆ ಕೊರೆದು (ಇದೇ ರೀಮ್ ಮಾಡುವುದು) ಮಾರಿದರು. ಪರೀಕ್ಷೆ ಸುಲಭ. .38 ಸ್ಪೆಶಲ್‌ನ ಹೊಸ ಖಾಲಿ ಕೇಸ್ (ಕಾಡತೂಸಿನ ಲೋಹದ ಕವಚ) ಒಂದನ್ನು ಮನೆಗೆ ಇಳಿಸಿ. ಅದರ ಉದ್ದ 1.155 ಇಂಚು, ನಿಮ್ಮ ಗನ್ನಿನ ಅಸಲಿ ಕಾಡತೂಸಿನ ಕೇಸ್ 0.775 ಮಾತ್ರ. ಅಸಲಿ ಸಿಲಿಂಡರ್ ಆದರೆ ಕೇಸ್ ಅರ್ಧದಲ್ಲಿ ನಿಲ್ಲುತ್ತದೆ. ಬುಡದವರೆಗೆ ಜಾರಿ ಹೋದರೆ ರೀಮ್ ಆಗಿದೆ. ಹಿಂಭಾಗದಲ್ಲಿ ಮನೆಯ ಅಗಲ ಕೇಸಿಗಿಂತ ಇಂಚಿನ ಸಾವಿರದಲ್ಲಿ ಏಳರಷ್ಟು ಹೆಚ್ಚಿರುವುದರಿಂದ ಹಾರಿಸಿದರೆ ಕೇಸ್ ಉಬ್ಬುತ್ತದೆ, ಸೀಳುವುದೂ ಉಂಟು. ಸಂಗ್ರಾಹಕರ ಬೆಲೆಯೂ ಅಲ್ಲಿಗೆ ಬಿತ್ತು.

ಇದನ್ನು ಪತ್ರ ಹೇಳುವುದಿಲ್ಲ. ಆಮೇಲೆ ಬಣ್ಣ ಬದಲಾಯಿಸಿದ್ದನ್ನೂ ಹೇಳುವುದಿಲ್ಲ. ವಿಕ್ಟರಿ ಹೊರಬಿದ್ದದ್ದು ಮರಳು ಹೊಡೆದ ಮಂಕು ಬೂದು-ಕಪ್ಪಿನಲ್ಲಿ, ಕಂಪನಿಯ ಲಾಂಛನದ ಬಿಲ್ಲೆಯಿಲ್ಲದ ನುಣ್ಣನೆ ವಾಲ್ನಟ್ ಹಿಡಿಯಲ್ಲಿ. ನಿಮ್ಮದು ಕನ್ನಡಿಯಂತೆ ನೀಲಿಯಾಗಿ ಹೊಳೆಯುತ್ತಿದ್ದರೆ ಆಮೇಲೆ ಯಾರೋ ಪಾಲಿಶ್ ಮಾಡಿದ್ದಾರೆ. ನಿಕಲ್ ಆಗಿದ್ದು, ಹ್ಯಾಮರ್ ಟ್ರಿಗರ್‌ಗಳಿಗೂ ನಿಕಲ್ ಏರಿದ್ದರೆ ಅದು ಕಾರ್ಖಾನೆಯ ಕೈಯಲ್ಲ. ಅವರು ಆ ಎರಡನ್ನು ಬಣ್ಣ ತಿರುಗಿದ ಗಟ್ಟಿ ಉಕ್ಕಾಗಿಯೇ ಬಿಡುತ್ತಿದ್ದರು. ಕಾರ್ಖಾನೆಗೇ ವಾಪಸು ಹೋಗಿ ಬಂದದ್ದಾದರೆ ಬುಡದ ಸಂಖ್ಯೆಯ ಪಕ್ಕ ಪುಟ್ಟ ನಕ್ಷತ್ರ, ಇಲ್ಲವೇ ಹಿಡಿಮರದ ಅಡಿಯ ಫ್ರೇಮಿನ ಮೇಲೆ ತಿಂಗಳು-ವರ್ಷ ಕಾಣಬಹುದು. ಅದು ದೋಷವಲ್ಲ, ದಾಖಲೆ.

ಪತ್ರಕ್ಕೂ ಗನ್ನಿಗೂ ತಾಳೆಯಾಗದಿದ್ದರೆ, ಉದಾಹರಣೆಗೆ ಪತ್ರದಲ್ಲಿ ಐದು ಇಂಚು, ಕೈಯಲ್ಲಿ ನಾಲ್ಕು, ಆಗ ಮುಂದಿನ ಗುರಿಕಾಳು ನೋಡಿ. ಅಸಲಿಯದು ನಳಿಗೆಯದೇ ಲೋಹದಲ್ಲಿ ಎದ್ದ ಅರ್ಧಚಂದ್ರ. ಕತ್ತರಿಸಿದ ನಳಿಗೆಯಲ್ಲಿ ಬೆಸುಗೆ ಗೆರೆ ಸಿಗುತ್ತದೆ, ಕಂಪನಿಯ ಹೆಸರು ನಳಿಗೆಯ ನಡುವಿನಲ್ಲಿರದೆ ತುದಿಗೆ ಸರಿದಿರುತ್ತದೆ.

ನಿಮ್ಮದಕ್ಕಿಂತ ಹಳೆಯ ಸ್ಮಿತ್ ಯಾವಾಗಲಾದರೂ ಕಣ್ಣಿಗೆ ಬಿದ್ದರೆ ಇದೂ ನೆನಪಿರಲಿ. ಅಮೆರಿಕದ ಕಾನೂನಿನಲ್ಲಿ 1898 ಅಥವಾ ಅದಕ್ಕೆ ಮುಂಚೆ ತಯಾರಾದದ್ದು ಆಂಟಿಕ್. ಲೆಕ್ಕ ತಯಾರಾದ ವರ್ಷದ್ದು, ರವಾನೆಯದ್ದಲ್ಲ. ನ್ಯೂ ಮಾಡೆಲ್ ನಂಬರ್ 3 ಎಂಬ ಹಳೆಯ ಸ್ಮಿತ್ ರಿವಾಲ್ವರಿನ ಫ್ರೇಮುಗಳೆಲ್ಲ 1899ಕ್ಕೆ ಮುಂಚೆಯೇ ಆಗಿದ್ದವು. ಪತ್ರದಲ್ಲಿ 1905 ಎಂದು ಬಂದ ಮಾತ್ರಕ್ಕೆ ಅದು ಆಂಟಿಕ್ ಅಲ್ಲ ಅಂತಾಗುವುದಿಲ್ಲ. ನಿಮ್ಮ ವಿಕ್ಟರಿ ಆಂಟಿಕ್ ಅಲ್ಲ. ಅದು 50 ವರ್ಷ ದಾಟಿದ್ದರಿಂದ ಕ್ಯೂರಿಯೊ ಅಂಡ್ ರೆಲಿಕ್ (ಸಂಗ್ರಾಹಕರ ಹಳೆಯ ಬಂದೂಕುಗಳ) ವರ್ಗಕ್ಕೆ ಬರುತ್ತದೆ.

ಬುಡ, ಮೇಲ್ಪಟ್ಟಿ, ನಳಿಗೆಯ ಬಲಬದಿ, ಈ ಮೂರರ ಫೋಟೊ ಹಾಕಿದರೆ ಮುದ್ರೆ ಓದಲು ನೆರವಾಗುತ್ತೇನೆ. ಸೀರಿಯಲ್‌ನ ಕೊನೆಯ ಎರಡಂಕಿ ಮುಚ್ಚಿಡಿ.